ಮಗಳ ಮೆಡಿಕಲ್ ಇಂಟರ್‌ವ್ಯೂಗೆ ನಾನು ತಯಾರಾದ ಕಥೆ

ಇಂಗ್ಲೆಂಡಿನಲ್ಲಿ ಡಾಕ್ಟರ್ ಓದಬೇಕು ಅಂದರೆ ಬರೀ ಮಾರ್ಕ್ಸ್ ಸಾಲದು. ಇಂಟರ್‌ವ್ಯೂ ಕೊಡಬೇಕು. ಹದಿನೇಳು ವರ್ಷದ ಮಕ್ಕಳ ಎದುರಿಗೆ ಡಾಕ್ಟರು, ಪ್ರೊಫೆಸರು, ಒಮ್ಮೊಮ್ಮೆ ನಟರೂ ಕೂತಿರುತ್ತಾರೆ. ಹೌದು, ದುಡ್ಡು ಕೊಟ್ಟು ಕರೆಸಿದ ನಟರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಹೀಗಿಲ್ಲ. ನೀಟ್ ಬರೆದೆ, ರ್‍ಯಾಂಕ್ ಬಂತು, ಕೆಇಎ ಕೌನ್ಸೆಲಿಂಗ್‌ನಲ್ಲಿ ಆಪ್ಷನ್ ಎಂಟ್ರಿ ಮಾಡಿದೆ, ಸೀಟು ಸಿಕ್ಕಿತು ಇಲ್ಲವೇ ಸಿಗಲಿಲ್ಲ. ದಾವಣಗೆರೆಯಲ್ಲಿ ನನ್ನ ಅಣ್ಣನ ಮಗ ಹೀಗೇ ಸೇರಿದ. ‘ಯಾಕಪ್ಪಾ ಡಾಕ್ಟರ್ ಆಗಬೇಕು?’ ಅಂತ ಅವನನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಅವನು ಅತ್ತಿಗೆಯ ಮುಖ ನೋಡುತ್ತಿದ್ದ.

ನಾವಿರುವುದು ಇಂಗ್ಲೆಂಡಿನ ನಡುಭಾಗದ ಒಂದು ಊರಲ್ಲಿ. ನಾನು ಕೌನ್ಸಿಲ್ ಆಫೀಸಿನಲ್ಲಿ ಲೆಕ್ಕ ನೋಡುತ್ತೇನೆ. ಇವರದು ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ ಡಾಕ್ಟರ್ ಅಂತ ಯಾರೂ ಇಲ್ಲ. ಹಾಗಾಗಿ ಈ ಮೆಡಿಕಲ್ ಸೀಟಿನ ವ್ಯವಹಾರದ ತಲೆಬುಡ ನಮಗೆ ಗೊತ್ತಿರಲಿಲ್ಲ.

ಮೊದಲಿನ ಹಂತಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2024ರ ಬೇಸಿಗೆ ರಜೆಯಲ್ಲಿ ಮಗಳು ಯುಕ್ಯಾಟ್ ಬರೆದಳು, ಅಂದರೆ ಇಲ್ಲಿಯ ಮೆಡಿಕಲ್ ಪ್ರವೇಶ ಪರೀಕ್ಷೆ. ಕಂಪ್ಯೂಟರ್ ಮೇಲೆ ಸುಮಾರು ಎರಡು ಗಂಟೆಯ ಪರೀಕ್ಷೆ. ಅದರಲ್ಲಿ ಬಯಾಲಜಿ, ಕೆಮಿಸ್ಟ್ರಿ ಏನೂ ಇಲ್ಲ. ಓದಿ ಅರ್ಥ ಮಾಡಿಕೊಳ್ಳುವುದು, ಲೆಕ್ಕ, ತರ್ಕ, ಚಿತ್ರಗಳಲ್ಲಿ ಹೊಂದಿಕೆ ಹುಡುಕುವುದು. ಕೊನೆಗೆ ‘ಇಂಥ ಸಂದರ್ಭ ಬಂದರೆ ನೀನು ಮಾಡುವುದು ಸರಿಯಾ ತಪ್ಪಾ’ ಅನ್ನುವ ಭಾಗ. ಹಾಲಿನಿಂದ ಹೊರಗೆ ಬರುವಷ್ಟರಲ್ಲಿ ಅಂಕ ಕೈಗೆ ಸಿಗುತ್ತದೆ. ಆಮೇಲೆ ಯೂಕಾಸ್ ಅರ್ಜಿ, ಅಂದರೆ ಇಲ್ಲಿಯ ಯೂನಿವರ್ಸಿಟಿಗಳಿಗೆಲ್ಲ ಒಂದೇ ಕಡೆ ಹಾಕುವ ಅರ್ಜಿ. ಬೇರೆ ಬಹುತೇಕ ಕೋರ್ಸುಗಳಿಗೆ ಜನವರಿವರೆಗೆ ಟೈಮ್ ಇರುತ್ತದೆ. ಮೆಡಿಸಿನ್‌ನಂಥ ಕೆಲವಕ್ಕೆ ಅಕ್ಟೋಬರ್ ಮಧ್ಯದಲ್ಲೇ ಬಾಗಿಲು ಹಾಕುತ್ತಾರೆ. ಮೆಡಿಕಲ್ ಕಾಲೇಜು ನಾಲ್ಕೇ ಹಾಕಬಹುದು. ಐದನೆಯದು ಬೇಕಿದ್ದರೆ ಬೇರೆ ವಿಷಯ. ಅರ್ಜಿ ಹೋದ ಮೇಲೆ ಕಾಯುವುದು. ಒಂದು ಕಡೆಯಿಂದ ಇಂಟರ್‌ವ್ಯೂಗೂ ಕರೆಯದೆ ಬೇಡ ಅಂದರು. ಉಳಿದವರು ಕರೆದರು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಮೆಡಿಕಲ್ ಇಂಟರ್‌ವ್ಯೂ ಸುಗ್ಗಿ.

ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಹಳೇ ಪದ್ಧತಿ. ಇಬ್ಬರೋ ಮೂವರೋ ಕೂತು ಸೈನ್ಸ್ ಪ್ರಶ್ನೆ ಕೇಳಿ ತಲೆ ತಿನ್ನುತ್ತಾರೆ. ಬಾಕಿ ಬಹುತೇಕ ಕಡೆ ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಸಾಲಾಗಿ ಸ್ಟೇಷನ್‌ಗಳು. ಬಾಗಿಲ ಹೊರಗೆ ಒಂದು ಹಾಳೆಯಲ್ಲಿ ಸಂದರ್ಭ ಬರೆದಿರುತ್ತದೆ. ಒಂದೆರಡು ನಿಮಿಷ ಓದಿಕೊಳ್ಳಬೇಕು. ಗಂಟೆ ಹೊಡೆದ ತಕ್ಷಣ ಒಳಗೆ. ಐದರಿಂದ ಎಂಟು ನಿಮಿಷ ಮಾತು. ಮತ್ತೆ ಗಂಟೆ, ಮುಂದಿನ ಬಾಗಿಲು. ಇದನ್ನು ಕಂಡುಹಿಡಿದವರು ಕೆನಡಾದ ಮ್ಯಾಕ್‌ಮಾಸ್ಟರ್ ಯೂನಿವರ್ಸಿಟಿಯವರು. ಅದರ ಬಗ್ಗೆ 2004ರಲ್ಲಿ ಲೇಖನ ಬರೆದರು, ಆಮೇಲೆ ಪ್ರಪಂಚದ ಎಷ್ಟೋ ಕಡೆ ಹಬ್ಬಿತು. ಅವರ ವಾದ ನನಗೆ ಹಿಡಿಸಿತು. ಒಂದೇ ಕೋಣೆಯಲ್ಲಿ ಒಂದೇ ಗುಂಪು ಪೂರ್ತಿ ಇಂಟರ್‌ವ್ಯೂ ಮಾಡಿದರೆ ಮೊದಲ ಉತ್ತರ ಹಳ್ಳ ಹಿಡಿದರೆ ಮುಗಿಯಿತು, ಅವರ ಮನಸ್ಸಿನಲ್ಲಿ ಅದೇ ಕೂತುಬಿಡುತ್ತದೆ. ಹತ್ತು ಕೋಣೆ, ಹತ್ತು ಜನ ಅಂದರೆ ಒಂದು ಕಡೆ ಎಡವಿದರೂ ಮುಂದಿನ ಬಾಗಿಲಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ.

ಶುರುವಿನಲ್ಲಿ ಮಗಳು ತಯಾರಿ ಮಾಡಿದ್ದು ಪರೀಕ್ಷೆಗೆ ಓದುವ ಹಾಗೇ. ಪುಸ್ತಕ ತಂದಳು. ಯೂಟ್ಯೂಬ್ ನೋಡಿದಳು. ಒಂದು ದಪ್ಪ ನೋಟ್‌ಬುಕ್‌ನಲ್ಲಿ ಪ್ರಶ್ನೆ, ಕೆಳಗೆ ಉತ್ತರ, ಮುಖ್ಯ ಮಾತುಗಳಿಗೆ ಹಳದಿ ಬಣ್ಣ. ಮೆಡಿಕಲ್ ಎಥಿಕ್ಸಿನ ನಾಲ್ಕು ಕಂಬಗಳು ಬಾಯಿಪಾಠ: ಅಟಾನಮಿ, ಬೆನಿಫಿಸೆನ್ಸ್, ನಾನ್‌ಮ್ಯಾಲಿಫಿಸೆನ್ಸ್, ಜಸ್ಟಿಸ್. ರೋಗಿಯ ಇಷ್ಟ, ರೋಗಿಗೆ ಒಳ್ಳೆಯದು, ರೋಗಿಗೆ ಕೇಡು ಮಾಡದಿರುವುದು, ಎಲ್ಲರಿಗೂ ನ್ಯಾಯ. ಬೀಚಮ್ ಮತ್ತು ಚಿಲ್ಡ್ರೆಸ್ ಅನ್ನುವ ಇಬ್ಬರು ಅಮೆರಿಕನ್ನರು 1979ರಲ್ಲಿ ಪುಸ್ತಕ ಬರೆದು ಇದನ್ನು ಜನಪ್ರಿಯ ಮಾಡಿದರಂತೆ. ಬೆಳಗ್ಗೆ ಹಲ್ಲುಜ್ಜುವಾಗಲೂ ಅವಳ ಬಾಯಲ್ಲಿ ಇದೇ.

ನಮಗೆ ಪರಿಚಯದ ಕನ್ನಡದ ಡಾಕ್ಟರೊಬ್ಬರಿದ್ದಾರೆ. ಹುಬ್ಬಳ್ಳಿ ಕಡೆಯವರು. ಇಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಆಗಿ ಕೆಲಸ ಮಾಡಿ ಈಗ ರಿಟೈರ್ ಆಗಿದ್ದಾರೆ. ಯುಗಾದಿ, ದೀಪಾವಳಿಗೆ ಸಿಗುತ್ತಿದ್ದರು ಅಷ್ಟೆ. ಸಂಕೋಚ ಬಿಟ್ಟು ಫೋನ್ ಮಾಡಿದೆ. ಭಾನುವಾರ ಬರುತ್ತೇನೆ ಅಂದರು. ಬಂದು ಕೂತು, ಅವಲಕ್ಕಿ ತಿನ್ನುತ್ತಾ ಮೊದಲ ಪ್ರಶ್ನೆ ಕೇಳಿದರು. ಯಾಕೆ ಡಾಕ್ಟರ್ ಆಗಬೇಕು?

ಮಗಳು ನೋಟ್‌ಬುಕ್ಕಿನ ಮೊದಲ ಪುಟ ಒಪ್ಪಿಸಿದಳು. ಸೈನ್ಸ್ ಅಂದರೆ ಆಸಕ್ತಿ, ಜನರಿಗೆ ಸಹಾಯ ಮಾಡುವುದು ಅಂದರೆ ಇಷ್ಟ, ಎರಡೂ ಸೇರುವುದು ಮೆಡಿಸಿನ್‌ನಲ್ಲಿ.

‘ಹಂಗಾದ್ರ ನರ್ಸ್ ಆಗಬಹುದಲ್ಲವಾ? ಅವರೂ ಸೈನ್ಸ್ ಓದ್ತಾರ, ಅವರೂ ಸಹಾಯ ಮಾಡ್ತಾರ. ನಿಜ ಹೇಳಬೇಕಂದ್ರ ನನಗಿಂತ ಜಾಸ್ತಿ ಮಾಡ್ತಾರ.’

ಮಗಳು ಬಾಯಿ ತೆರೆದಳು, ಮುಚ್ಚಿದಳು. ನನಗೇ ಕಸಿವಿಸಿಯಾಯಿತು. ಡಾಕ್ಟರು ಮತ್ತೆ ಅವಲಕ್ಕಿ ಹಾಕಿಸಿಕೊಂಡರು. ಇದು ಮಾಮೂಲಿ ಕೇಳುವ ಪ್ರಶ್ನೆಯಂತೆ. ಮಕ್ಕಳು ಗಾಬರಿಯಲ್ಲಿ ‘ನರ್ಸ್‌ಗಿಂತ ಡಾಕ್ಟರ್ ದೊಡ್ಡವರು’ ಅನ್ನುವ ಅರ್ಥ ಬರುವ ಹಾಗೆ ಏನೋ ಹೇಳಿಬಿಡುತ್ತಾರೆ. ಎದುರಿಗೆ ಕೂತವರು ಎಷ್ಟೋ ಸಲ ನರ್ಸೇ ಆಗಿರುತ್ತಾರೆ.

‘ಎಲ್ಲರೂ ಹೇಳೋ ಉತ್ತರ ನನಗ ಬ್ಯಾಡ,’ ಅಂದರು. ‘ನೀ ಏನು ನೋಡಿದಿ, ಅದನ್ನ ಹೇಳು.’

ಅವಳು ನೋಡಿದ್ದು ಏನು? ಶನಿವಾರ ಶನಿವಾರ ವಯಸ್ಸಾದವರ ಕೇರ್ ಹೋಮ್‌ಗೆ ಹೋಗಿ ಟೀ ಕೊಡುತ್ತಿದ್ದಳು. ಇಲ್ಲಿ ಮೆಡಿಸಿನ್‌ಗೆ ಅರ್ಜಿ ಹಾಕುವ ಮಕ್ಕಳು ಇಂಥದ್ದೊಂದು ಸೇವೆ ಮಾಡಲೇಬೇಕು ಅನ್ನುವ ಮಟ್ಟಿಗೆ ಆಗಿಬಿಟ್ಟಿದೆ. ಡಾಕ್ಟರ ಮಕ್ಕಳಿಗೆ ಅಪ್ಪನ ಗೆಳೆಯರ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನೊಳಗೆ ನಿಲ್ಲಲು ಸಿಗುತ್ತದೆ. ನಮ್ಮಂಥವರ ಮಕ್ಕಳಿಗೆ ಕೇರ್ ಹೋಮ್. ‘ಬರೀ ಟೀ ಕೊಟ್ಟಿದ್ದೀನಿ ಅಂಕಲ್. ಅದರಲ್ಲಿ ಹೇಳೋಕೆ ಏನಿದೆ?’ ಅಂದಳು. ಅವರು, ‘ಹೆಂಗ ಕೊಟ್ಟಿ?’ ಅಂದರು.

ಆಗ ಹೊರಗೆ ಬಂತು. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ನುಂಗುವುದು ಕಷ್ಟ. ನೀರಿನಷ್ಟು ತೆಳ್ಳಗಿರುವುದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು, ಅದರಿಂದ ನ್ಯುಮೋನಿಯಾ ಆಗಬಹುದು. ಅದಕ್ಕೆ ಅವರ ಟೀಗೆ ಒಂದು ಪುಡಿ ಬೆರೆಸಿ ಗಟ್ಟಿ ಮಾಡುತ್ತಾರೆ. ಯಾರಿಗೆ ಎಷ್ಟು ಗಟ್ಟಿ ಅಂತ ಅಡುಗೆಮನೆಯ ಗೋಡೆ ಮೇಲೆ ಪಟ್ಟಿ. ಚಮಚ ಎತ್ತಿದರೆ ಟೀ ರಾಗಿ ಅಂಬಲಿಯ ಹಾಗೆ ನಿಧಾನ ಇಳಿಯಬೇಕು. ಅಲ್ಲೊಬ್ಬ ಅಜ್ಜ, ಹಿಂದೆ ಬಸ್ ಡ್ರೈವರ್ ಆಗಿದ್ದವರು, ಆ ಕಪ್ಪನ್ನು ದಿನಾ ಪಕ್ಕಕ್ಕೆ ಸರಿಸುತ್ತಿದ್ದರಂತೆ. ‘ಇದು ಟೀ ಅಲ್ಲ, ಗೋಡೆಗೆ ಪೇಪರ್ ಅಂಟಿಸೋ ಗೋಂದು’ ಅಂತ ಬೈಗುಳ. ಒಂದು ದಿನ ಮಗಳ ಕೈ ಹಿಡಿದು, ‘ನೀನಾದರೂ ಒಳ್ಳೇ ಟೀ ಕೊಡು, ಯಾರಿಗೂ ಹೇಳಲ್ಲ’ ಅಂದರು.

‘ಕೊಟ್ಟೆಯಾ?’ ಡಾಕ್ಟರು ಕೇಳಿದರು.

‘ಇಲ್ಲ. ಆದರೆ ತುಂಬಾ ಬೇಜಾರಾಯ್ತು. ನರ್ಸ್‌ಗೆ ಹೇಳಿದೆ, ಅವರು ಟೀ ಕುಡೀತಾನೇ ಇಲ್ಲ ಅಂತ.’

ಆ ನರ್ಸ್ ಅದನ್ನು ಬರೆದುಕೊಂಡರು. ಸ್ವಲ್ಪ ದಿನ ಕಳೆದು ಸ್ಪೀಚ್ ಥೆರಪಿಸ್ಟ್ ಬಂದು ನುಂಗುವುದನ್ನು ಮತ್ತೆ ಪರೀಕ್ಷೆ ಮಾಡಿದರು. ಅಜ್ಜನನ್ನೂ ಅವರ ಮಗಳನ್ನೂ ಕೂರಿಸಿಕೊಂಡು ಮಾತಾಡಿದರು. ಅಪಾಯ ಇದೆ ಅಂತ ಬಿಡಿಸಿ ಹೇಳಿದರು. ಅಜ್ಜನಿಗೆ ಬುದ್ಧಿ ನೆಟ್ಟಗಿತ್ತು, ಮಾತು ಅರ್ಥವಾಗುತ್ತಿತ್ತು. ‘ಗೊತ್ತಿದೆ, ಆದರೂ ಬೇಕು’ ಅಂದರು. ಕೊನೆಗೆ ನೇರ ಕೂರಿಸಿ, ಪಕ್ಕದಲ್ಲಿ ಒಬ್ಬರು ಇದ್ದು, ಗುಟುಕು ಗುಟುಕಾಗಿ ಮಾಮೂಲಿ ಟೀ ಕೊಡಬಹುದು ಅಂತ ಅಲ್ಲಿಯ ಡಾಕ್ಟರ್ ಅವರ ಕೇರ್ ಪ್ಲಾನ್‌ನಲ್ಲಿ ಬರೆದರು.

ಡಾಕ್ಟರು ತಟ್ಟೆ ಕೆಳಗಿಟ್ಟರು. ‘ನಿನ್ನ ನಾಕೂ ಕಂಬ ಇದರೊಳಗ ಅದಾವಲ್ಲವಾ. ಈ ಕಥಿ ಬಿಟ್ಟು ಪುಸ್ತಕದ್ದು ಯಾಕ ಹೇಳ್ತಿ?’

ಮಗಳ ‘ಯಾಕೆ ಡಾಕ್ಟರ್’ ಅನ್ನುವ ಉತ್ತರವೂ ಅಲ್ಲಿಂದಲೇ ಹುಟ್ಟಿತು. ನರ್ಸ್ ಗಮನಿಸಿದರು, ಥೆರಪಿಸ್ಟ್ ಪರೀಕ್ಷಿಸಿದರು, ಡಾಕ್ಟರ್ ಎಲ್ಲರ ಮಾತು ಕೇಳಿ ಜವಾಬ್ದಾರಿ ತೆಗೆದುಕೊಂಡರು. ತನಗೆ ಆ ಕೊನೆಯ ಕೆಲಸ ಬೇಕು, ರೋಗ ಯಾಕೆ ಬಂತು ಅನ್ನುವುದರಿಂದ ಹಿಡಿದು ಮುಂದೇನು ಅನ್ನುವವರೆಗೆ. ಹೀಗೆ ಹೇಳಿದಾಗ ಯಾರನ್ನೂ ಕೀಳು ಮಾಡಿದ ಹಾಗಾಗಲಿಲ್ಲ. ಹಳದಿ ಬಣ್ಣದ ನೋಟ್‌ಬುಕ್ ಕಪಾಟಿಗೆ ಹೋಯಿತು.

ಇನ್ನು ನಟರ ವಿಷಯ. ಎಂಎಂಐನಲ್ಲಿ ರೋಲ್ ಪ್ಲೇ ಅಂತ ಒಂದು ಸ್ಟೇಷನ್ ಇರುತ್ತದೆ. ಒಳಗೆ ನಟ ಇರುತ್ತಾರೆ, ಮೂಲೆಯಲ್ಲಿ ಅಂಕ ಹಾಕುವವರು. ಹಾಳೆಯಲ್ಲಿ ಬರೆದ ಸಂದರ್ಭವನ್ನು ನಡೆಸಿಕೊಡಬೇಕು. ತಯಾರಿ ಮಾಡುವ ಮಕ್ಕಳೆಲ್ಲರಿಗೂ ಗೊತ್ತಿರುವ ಒಂದು ಪ್ರಸಿದ್ಧ ಸಂದರ್ಭವಿದೆ: ನೀವು ಕಾರು ರಿವರ್ಸ್ ತೆಗೆಯುವಾಗ ಪಕ್ಕದ ಮನೆಯವರ ಬೆಕ್ಕು ಚಕ್ರಕ್ಕೆ ಸಿಕ್ಕಿ ಸತ್ತಿದೆ. ಹೋಗಿ ತಿಳಿಸಿ.

ಪಕ್ಕದ ಮನೆಯವಳಾಗಿ ನಾನೇ. ಬೇರೆ ಯಾರಿದ್ದಾರೆ?

ಮೊದಮೊದಲು ಇಬ್ಬರಿಗೂ ನಗು. ಆಮೇಲೆ ನನಗೆ ಹುರುಪು ಬಂತು. ಕಾಲೇಜಿನಲ್ಲಿ ನಾಟಕ ಮಾಡಿದವಳು ನಾನು. ಅಡುಗೆಮನೆ ಬಾಗಿಲು ತಟ್ಟಿ ಬಂದ ಮಗಳು ವಿಷಯ ಹೇಳಿದ್ದೇ ತಡ, ‘ಅಯ್ಯೋ, ನಮ್ಮನೆಯವರು ಹೋದ್ಮೇಲೆ ನನಗೆ ಅಂತ ಇದ್ದಿದ್ದು ಅದೊಂದೇ ಅಲ್ವೇನಮ್ಮಾ!’ ಅಂತ ಶುರು ಹಚ್ಚಿದೆ. ಹಾಲಿನಿಂದ ‘ನಾನಿನ್ನೂ ಇದ್ದೀನಿ ಕಣೇ’ ಅಂತ ಇವರ ದನಿ. ಮಗಳು, ‘ಅಮ್ಮಾ, ಇಂಗ್ಲಿಷಲ್ಲಿ ಅಳು’ ಅಂದಳು. ಇಂಗ್ಲಿಷಲ್ಲಿ ಅತ್ತೆ. ಅವಳು ಗಡಿಬಿಡಿಯಲ್ಲಿ ಹೊಸ ಬೆಕ್ಕು ತಂದುಕೊಡುತ್ತೇನೆ ಅಂದಳು. ‘ನಿಮ್ಮಮ್ಮ ಸತ್ತರೆ ಹೊಸ ಅಮ್ಮನ್ನ ತಂದ್ಕೊಡ್ಲಾ?’ ಅಂತ ಕೇಳಿದೆ. ಉತ್ತರ ಇಲ್ಲ.

ಕೆಟ್ಟ ಸುದ್ದಿ ಹೇಳುವುದಕ್ಕೆ ಡಾಕ್ಟರುಗಳಿಗೆ ಒಂದು ಪದ್ಧತಿಯೇ ಇದೆ. ಸ್ಪೈಕ್ಸ್ ಅಂತ. ಕ್ಯಾನ್ಸರ್ ರೋಗಿಗಳಿಗೆ ಹೇಳುವುದಕ್ಕೆ ಅಂತ 2000ದಲ್ಲಿ ಬರೆದ ಆರು ಹಂತ. ಕೂತು ಮಾತಾಡು. ಅವರಿಗೆ ಈಗಾಗಲೇ ಏನು ಗೊತ್ತು ಕೇಳು. ಎಷ್ಟು ಹೇಳಬೇಕು ಅಂತ ಅವರು ಬಯಸುತ್ತಾರೆ ನೋಡು. ಆಮೇಲೆ ನೇರ ಹೇಳು. ಅವರ ದುಃಖಕ್ಕೆ ಜಾಗ ಕೊಡು. ಕೊನೆಯಲ್ಲಿ ಮುಂದೇನು ಅನ್ನುವ ಮಾತು. ಹುಬ್ಬಳ್ಳಿ ಡಾಕ್ಟರು ಇದರಲ್ಲಿ ಎರಡಕ್ಕೆ ಒತ್ತು ಕೊಟ್ಟರು. ‘ಸತ್ತಿದೆ’ ಅನ್ನುವ ಮಾತನ್ನೇ ಬಳಸಬೇಕು, ಸುತ್ತಿ ಬಳಸಿ ಹೇಳಬಾರದು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಆ ಎರಡನೆಯದು ಮಗಳಿಗೆ ಬಹಳ ಕಷ್ಟವಾಯಿತು. ಕ್ಲಾಸಿನಲ್ಲಿ ಟೀಚರ್ ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುವ ಹುಡುಗಿ. ನಾವೇ ಹಾಗೆ ಬೆಳೆಸಿದ್ದು. ಸುಮ್ನೆ ಕೂರುವುದು ಅಂದರೆ ಅವಳಿಗೆ ಉತ್ತರ ಗೊತ್ತಿಲ್ಲ ಅಂತ ಅರ್ಥ.

ಮೊದಲನೆಯದಕ್ಕೆ ನನ್ನ ಹತ್ತಿರ ಹೇಳುವುದಿತ್ತು. ಅಪ್ಪ ತೀರಿಕೊಂಡಾಗ ನನಗೆ ಯಾರೂ ನೇರ ಹೇಳಲಿಲ್ಲ. ‘ಸ್ವಲ್ಪ ಹುಷಾರಿಲ್ಲ, ಟಿಕೆಟ್ ಮಾಡಿಸಿಕೊಂಡು ಬಾ’ ಅಂದರು. ಪರದೇಶದಲ್ಲಿರುವ ನಮ್ಮಂಥವರಿಗೆಲ್ಲ ಹೀಗೇ ಹೇಳುವುದು. ಒಬ್ಬಳೇ ವಿಮಾನದಲ್ಲಿ ಗಾಬರಿಯಾಗಬಾರದು ಅಂತ ಒಳ್ಳೇ ಮನಸ್ಸಿನಿಂದಲೇ ಮುಚ್ಚಿಡುತ್ತಾರೆ. ಆದರೆ ರಾತ್ರಿಯಿಡೀ ಸೀಟಿನಲ್ಲಿ ಕೂತು ನಾನು ಆಸ್ಪತ್ರೆಗೆ ಏನೇನು ಒಯ್ಯಬೇಕು ಅಂತ ಲೆಕ್ಕ ಹಾಕಿದ್ದೆ. ಬೆಂಗಳೂರು ಏರ್‌ಪೋರ್ಟಿನ ಹೊರಗೆ ಕಾರು ತಂದಿದ್ದ ಚಿಕ್ಕಪ್ಪನ ಮಗನ ಮುಖ ನೋಡಿದಾಗ ಗೊತ್ತಾಯಿತು.

ಇದನ್ನು ಮಗಳಿಗೆ ಅದುವರೆಗೆ ಹೇಳಿರಲಿಲ್ಲ. ಬೆಕ್ಕಿನ ನಾಟಕದ ನಡುವೆ ಯಾಕೋ ಹೇಳಿದೆ. ಅವಳು, ‘ಹೇಗೆ ಹೇಳಿದ್ರೆ ನಿನಗೆ ಪರವಾಗಿರ್ತಿತ್ತು?’ ಅಂತ ಕೇಳಿದಳು. ‘ಫೋನಲ್ಲೇ ಹೇಳಬೇಕಿತ್ತು. ಅಪ್ಪ ಹೋದರು ಅಂತ. ಆಮೇಲೆ ಫೋನ್ ಇಡಬಾರದಿತ್ತು ಅಷ್ಟೆ’ ಅಂದೆ. ಅವಳು ಏನೂ ಹೇಳಲಿಲ್ಲ. ಬಹಳ ಹೊತ್ತು ಸುಮ್ನೆ ಪಕ್ಕದಲ್ಲಿ ಕೂತಿದ್ದಳು. ಆಮೇಲಿನ ವಾರಗಳಲ್ಲಿ ಬೆಕ್ಕಿನ ಸುದ್ದಿ ಹೇಳಿ ಅವಳು ಬಾಯಿ ಮುಚ್ಚಿ ಕೂರುತ್ತಿದ್ದಳು. ಬೇರೆ ಬೆಕ್ಕಿನ ಮಾತು ಮತ್ತೆ ಬರಲಿಲ್ಲ.

ಎಥಿಕ್ಸ್ ಸ್ಟೇಷನ್ ತಯಾರಿಯಲ್ಲಿ ಮಾತ್ರ ನಾವಿಬ್ಬರೂ ನಿಜವಾಗಿ ಜಗಳ ಆಡಿದೆವು. ಸಂದರ್ಭ ಹೀಗೆ: ಹದಿನೈದು ವರ್ಷದ ಹುಡುಗಿ ಜಿಪಿ ಹತ್ತಿರ ಬಂದು ಗರ್ಭನಿರೋಧಕ ಮಾತ್ರೆ ಕೇಳುತ್ತಾಳೆ. ಅಮ್ಮನಿಗೆ ಹೇಳಬೇಡಿ ಅನ್ನುತ್ತಾಳೆ. ಡಾಕ್ಟರ್ ಏನು ಮಾಡಬೇಕು?

‘ಹೇಳಬಾರದು’ ಅಂದಳು ಮಗಳು.

‘ಅಂದ್ರೆ? ಡಾಕ್ಟರಿಗೆ ಗೊತ್ತಿರೋದು ಹೆತ್ತ ತಾಯಿಗೆ ಗೊತ್ತಿರಬಾರದಾ?’

ಇಲ್ಲಿಯ ಕಾನೂನು ಅದೇ. ಗಿಲ್ಲಿಕ್ ಅನ್ನುವ ಒಬ್ಬ ತಾಯಿ, ಹತ್ತು ಮಕ್ಕಳ ತಾಯಿ, ನನ್ನ ಹಾಗೇ ಸಿಟ್ಟು ಬಂದು ಕೋರ್ಟಿಗೆ ಹೋಗಿದ್ದರು. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ, ಆಗ ಅದೇ ಇಲ್ಲಿಯ ಕೊನೆಯ ಕೋರ್ಟು, ಸೋತರು. ಹದಿನಾರು ತುಂಬದಿದ್ದರೂ ಆ ಮಗುವಿಗೆ ವಿಷಯ ಪೂರ್ತಿ ಅರ್ಥವಾಗುವಷ್ಟು ತಿಳಿವಳಿಕೆ ಇದ್ದರೆ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು ಅಂತ ಆಯಿತು. ತಮಾಷೆ ಅಂದರೆ ಆ ತಿಳಿವಳಿಕೆಗೆ ಇಂದಿಗೂ ಆ ತಾಯಿಯ ಹೆಸರೇ ಇದೆ. ‘ಗಿಲ್ಲಿಕ್ ಕಾಂಪಿಟೆನ್ಸ್’ ಅನ್ನುತ್ತಾರೆ. ಡಾಕ್ಟರ್ ಆ ಹುಡುಗಿಗೆ ಅಮ್ಮನ ಹತ್ತಿರ ಮಾತಾಡು ಅಂತ ಬುದ್ಧಿ ಹೇಳಬೇಕು. ಯಾರಾದರೂ ಬಲವಂತ ಮಾಡುತ್ತಿದ್ದಾರಾ, ಆ ಹುಡುಗನ ವಯಸ್ಸೆಷ್ಟು, ಎಲ್ಲ ಕೇಳಬೇಕು. ಹದಿಮೂರಕ್ಕಿಂತ ಚಿಕ್ಕವಳಾದರೆ ಅಥವಾ ಅಪಾಯ ಕಂಡರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕು. ಇಲ್ಲದಿದ್ದರೆ ಗುಟ್ಟು ಕಾಯಬೇಕು. ನಮ್ಮ ದೇಶದಲ್ಲಿ ಪೋಕ್ಸೊ ಕಾಯ್ದೆ ಪ್ರಕಾರ ಹದಿನೆಂಟರೊಳಗಿನವರ ಲೈಂಗಿಕ ಸಂಬಂಧದ ವಿಷಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದೇ ಕರ್ತವ್ಯ. ಎರಡು ದೇಶ, ಎರಡು ದಾರಿ.

ನಾನು ಸೋಲಲಿಲ್ಲ. ನೀನು ಹೀಗೆ ಮಾಡಿದ್ದರೆ ನನಗೆ ಹೇಗಾಗುತ್ತಿತ್ತು ಗೊತ್ತಾ ಅಂತ ಕೇಳಿದೆ. ‘ಹೇಳಿದ್ರೆ ಏನಾಗುತ್ತೆ ಅನ್ನೋ ಭಯಕ್ಕೆ ಆ ಹುಡುಗಿ ಡಾಕ್ಟರ್ ಹತ್ರಾನೇ ಬರದೇ ಹೋದ್ರೆ?’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಂತ ಒಪ್ಪಲೂ ಇಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ.

ಮುಂದಿನ ಭಾನುವಾರ ಡಾಕ್ಟರ ಮುಂದೆ ಇದೇ ಪ್ರಶ್ನೆ ಬಂದಾಗ ಅವಳ ಉತ್ತರ ಬದಲಾಗಿತ್ತು. ಮೊದಲು ಆ ತಾಯಿಯ ಭಯ ಏನು ಅಂತ ಹೇಳಿದಳು, ನನ್ನ ಮಾತುಗಳಲ್ಲೇ, ಹಂಗಿಸದೆ. ಆಮೇಲೆ ಹುಡುಗಿಯ ಕಡೆ. ಆಮೇಲೆ ಕಾನೂನು. ಕೊನೆಗೆ ತನ್ನ ನಿರ್ಧಾರ. ಡಾಕ್ಟರು ನನ್ನ ಕಡೆ ತಿರುಗಿ, ‘ನೀವು ಹಿಂಗ ಜಗಳಾ ಆಡ್ತಾ ಇರ್ರಿ’ ಅಂದರು.

ಆ ಚಳಿಗಾಲ ಇನ್ನೊಂದು ವಿಷಯ ಎಲ್ಲರ ಬಾಯಲ್ಲಿತ್ತು. 2024ರ ನವೆಂಬರ್ 29ರಂದು ಇಲ್ಲಿಯ ಪಾರ್ಲಿಮೆಂಟಿನಲ್ಲಿ ನೆರವಿನ ಸಾವಿನ ಮಸೂದೆ ಮತಕ್ಕೆ ಬಂತು. ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಂಭವ ಇಲ್ಲದ ರೋಗಿ ತಾನೇ ಕೇಳಿಕೊಂಡರೆ ಸಾಯಲು ಔಷಧಿ ಕೊಡಬಹುದಾ ಅನ್ನುವ ಪ್ರಶ್ನೆ. 330 ಪರ, 275 ವಿರೋಧ. ಇಂಟರ್‌ವ್ಯೂಗಳಲ್ಲಿ ಇದು ಬಂದೇ ಬರುತ್ತದೆ ಅಂತ ಎಲ್ಲ ಮಕ್ಕಳೂ ಓದಿಕೊಂಡರು. ಮಗಳ ಗೆಳತಿಯರೆಲ್ಲ ಸ್ವಿಟ್ಜರ್ಲೆಂಡ್, ನೆದರ್‌ಲ್ಯಾಂಡ್ಸ್ ಉದಾಹರಣೆ ಹಿಡಿದುಕೊಂಡಿದ್ದರು.

ನಾನು ಅವಳಿಗೆ ಅರುಣಾ ಶಾನಭಾಗರ ಕಥೆ ಹೇಳಿದೆ. ಹೊನ್ನಾವರ ಪಕ್ಕದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿಯ ವಾರ್ಡ್‌ಬಾಯ್ ಒಬ್ಬ ಅವರ ಮೇಲೆ ಅತ್ಯಾಚಾರ ಮಾಡಿ ಕತ್ತು ಬಿಗಿದ. ಮಿದುಳಿಗೆ ಪೆಟ್ಟಾಗಿ ಅವರು ಮತ್ತೆ ಏಳಲಿಲ್ಲ. 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ನರ್ಸ್‌ಗಳು ನೋಡಿಕೊಂಡರು. ಒಂದು ತಲೆಮಾರಿನ ನರ್ಸ್‌ಗಳು ರಿಟೈರ್ ಆಗಿ ಇನ್ನೊಂದು ತಲೆಮಾರು ಬಂತು. ಇವರಿಗೆ ನೆಮ್ಮದಿಯ ಸಾವು ಕೊಟ್ಟು ಬಿಡುಗಡೆ ಮಾಡಿ ಅಂತ ಲೇಖಕಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ ಬೇಡ ಅಂದವರು ಆ ನರ್ಸ್‌ಗಳೇ. 2011ರಲ್ಲಿ ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಕೃತಕವಾಗಿ ಜೀವ ಹಿಡಿದಿಡುವ ಚಿಕಿತ್ಸೆಯನ್ನು ಕೆಲವು ಷರತ್ತುಗಳ ಮೇಲೆ ನಿಲ್ಲಿಸಬಹುದು ಅಂತ ದಾರಿ ತೆರೆಯಿತು. ಕಥೆ ಕೇಳಿ ಮಗಳು ಮೊದಲು ಕೇಳಿದ್ದು, ‘ಅವರಿಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಾಗಲೇ ಇಲ್ವಾ?’

ಅಷ್ಟರಲ್ಲಿ ಜನವರಿ ಕೊನೆಗೆ ಅಣ್ಣ ವಾಟ್ಸಾಪ್‌ನಲ್ಲಿ ಪೇಪರ್ ಫೋಟೊ ಕಳಿಸಿದ. ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಇದಕ್ಕಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮ ದಾವಣಗೆರೆಯವರೇ. ಮಗಳು ಆ ಕನ್ನಡ ಸುದ್ದಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಇಲ್ಲಿಯ ಮಸೂದೆಗೂ ಅಲ್ಲಿಯ ಸುತ್ತೋಲೆಗೂ ವ್ಯತ್ಯಾಸ ಅವಳೇ ಹಿಡಿದಳು. ಇಲ್ಲಿ ಸಾಯಲು ಔಷಧಿ ಕೊಡುವುದು, ಅಲ್ಲಿ ಫಲವಿಲ್ಲದ ಚಿಕಿತ್ಸೆ ನಿಲ್ಲಿಸುವುದು. ಎಷ್ಟೋ ಮಕ್ಕಳು ಎರಡನ್ನೂ ಕಲಸಿಬಿಡುತ್ತಾರೆ ಅಂತ ಡಾಕ್ಟರು ಹೇಳಿದರು. ನಿನ್ನ ಅಭಿಪ್ರಾಯ ಏನು ಅಂತ ಕೇಳಿದರೆ ಧೈರ್ಯವಾಗಿ ಹೇಳು, ಆದರೆ ನಿನಗೆ ವಿರುದ್ಧ ಇರುವವರು ಯಾಕೆ ಹಾಗೆ ಅನ್ನುತ್ತಾರೆ ಅಂತ ಮೊದಲು ಹೇಳು ಅಂದರು.

ದುಡ್ಡಿನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ತಯಾರಿ ಇಲ್ಲಿ ದೊಡ್ಡ ವ್ಯಾಪಾರ. ಒಂದು ದಿನದ ಅಣಕು ಇಂಟರ್‌ವ್ಯೂಗೆ ನೂರಾರು ಪೌಂಡ್ ಕೇಳುತ್ತಾರೆ. ‘ಗ್ಯಾರಂಟಿ’ ಅನ್ನುವ ಮಾತನ್ನೂ ನೋಡಿದ್ದೇನೆ. ನಾವು ಒಂದು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆವು. ಅವರು ಕೊಟ್ಟದ್ದು ಮತ್ತಷ್ಟು ಮಾದರಿ ಉತ್ತರ. ಅದೇ ಉತ್ತರ ಕೇಳಿ ಕೇಳಿ ಇಂಟರ್‌ವ್ಯೂ ಮಾಡುವವರಿಗೆ ಆಕಳಿಕೆ ಬರುತ್ತದೆ ಅಂತ ನಮ್ಮ ಡಾಕ್ಟರೇ ಹೇಳಿದ್ದರು. ಯೂನಿವರ್ಸಿಟಿಗಳ ವೆಬ್‌ಸೈಟಿನಲ್ಲಿ ತಾವು ಏನು ನೋಡುತ್ತೇವೆ ಅಂತ ಬಿಟ್ಟಿಯಾಗಿ ಬರೆದಿರುತ್ತಾರೆ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆರು ಮೌಲ್ಯಗಳು, ಡಾಕ್ಟರುಗಳಿಗೆ ಜನರಲ್ ಮೆಡಿಕಲ್ ಕೌನ್ಸಿಲ್ ಹಾಕಿಕೊಟ್ಟ ನಿಯಮಗಳು ಎಲ್ಲ ಅಲ್ಲೇ ಸಿಗುತ್ತವೆ. ಅದನ್ನು ಓದಿಸಿ, ಪರಿಚಯ ಇಲ್ಲದ ಯಾರಾದರೂ ದೊಡ್ಡವರ ಮುಂದೆ ಕೂರಿಸಿ ಮಾತಾಡಿಸಿದರೆ ಸಾಕು.

ಮೊದಲ ಇಂಟರ್‌ವ್ಯೂ ಆನ್‌ಲೈನ್. ಕೋವಿಡ್ ಬಂದಾಗ ಶುರುವಾದದ್ದನ್ನು ಕೆಲವು ಕಡೆ ಹಾಗೇ ಮುಂದುವರಿಸಿದ್ದಾರೆ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ತಂದೆವು. ಬೆಲ್ ಒತ್ತಬೇಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದೆ. ಆ ದಿನ ಕುಕ್ಕರ್ ಇಡಲಿಲ್ಲ, ಬ್ರೆಡ್ ತಿಂದೆವು. ಒಂದು ಪರದೆಯಿಂದ ಇನ್ನೊಂದಕ್ಕೆ ಅವರೇ ದಾಟಿಸುತ್ತಾರಂತೆ. ಮಹಡಿ ಮೇಲಿಂದ ಅವಳ ದನಿ ಕೇಳುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ನಡುನಡುವೆ ದನಿ ನಿಂತಾಗ ಇವರು ಇಂಟರ್‌ನೆಟ್ ಹೋಯಿತಾ ಅಂತ ರೂಟರ್ ಹತ್ತಿರ ಓಡುತ್ತಿದ್ದರು.

ಇನ್ನೊಂದಕ್ಕೆ ಉತ್ತರದ ಊರೊಂದಕ್ಕೆ ರೈಲಿನಲ್ಲಿ ಹೋದೆವು. ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಿ ನಮ್ಮನ್ನು ಒಂದು ಹಾಲಿನಲ್ಲಿ ಕೂರಿಸಿದರು. ಟೀ, ಬಿಸ್ಕತ್ತು ಇತ್ತು. ಪಕ್ಕದಲ್ಲಿ ಕೂತವರು ಮಾತಿಗಿಳಿದು, ‘ನೀವು ಯಾವ ಸ್ಪೆಷಾಲಿಟಿ?’ ಅಂತ ಕೇಳಿದರು. ಡಾಕ್ಟರಲ್ಲ ಅಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಒಳ್ಳೆಯವರು. ಆದರೆ ಆ ಮೇಜಿನ ಸುತ್ತ ಡಾಕ್ಟರಲ್ಲದವಳು ನಾನೊಬ್ಬಳೇ. ಅವರ ಮಕ್ಕಳು ಊಟದ ತಟ್ಟೆಯ ಮುಂದೆಯೇ ಇದನ್ನೆಲ್ಲ ಕೇಳುತ್ತಾ ಬೆಳೆದಿರುತ್ತಾರೆ. ಬಡವರ ಮಕ್ಕಳಿಗೆ, ಹಿಂದುಳಿದ ಶಾಲೆಗಳ ಮಕ್ಕಳಿಗೆ ಸ್ವಲ್ಪ ಕಡಿಮೆ ಗ್ರೇಡಿಗೆ ಆಫರ್ ಕೊಡುವ ವ್ಯವಸ್ಥೆ ಎಷ್ಟೋ ಕಡೆ ಇದೆ. ಆದರೂ ಅಲ್ಲಿ ಕೂತಾಗ ನೀಟ್ ನೆನಪಾಯಿತು. ಕೋಚಿಂಗ್ ದುಡ್ಡಿನ ಕಥೆ ಅಲ್ಲೂ ಇದೆ, ಮಕ್ಕಳ ಪ್ರಾಣ ಹಿಂಡುತ್ತದೆ. ಆದರೆ ಓಎಂಆರ್ ಶೀಟಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿರುವುದಿಲ್ಲ. ಇನ್ನೊಬ್ಬರ ಕಷ್ಟಕ್ಕೆ ಕರಗುವ ಮನಸ್ಸು ಇದೆಯಾ ಇಲ್ಲವಾ ಅಂತ ಏಳೆಂಟು ನಿಮಿಷದಲ್ಲಿ ಅಳೆಯಬಹುದಾ ಅನ್ನುವ ಅನುಮಾನ ನನಗೆ ಹೋಗಿಲ್ಲ. ಹಾಗಂತ ನಮ್ಮಣ್ಣನ ಮಗನಿಗೆ ಯಾರಾದರೂ ಒಂದು ಸಲವಾದರೂ ಆ ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸುತ್ತದೆ.

ಮಗಳು ಹೊರಗೆ ಬಂದಳು. ಸ್ಟೇಷನ್‌ಗಳಲ್ಲಿ ಏನು ಕೇಳಿದರು ಅಂತ ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿದ್ದರಂತೆ. ಹಾಗಾಗಿ ನನಗೂ ಹೇಳಲಿಲ್ಲ. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ ರೋಲ್ ಎರಡೂ ತಿಂದಳು. ರೈಲು ಹೊರಟ ಮೇಲೆ, ‘ನಟರು ಯಾರೂ ನಿನ್ನಷ್ಟು ಗೋಳಾಡಲ್ಲ ಅಮ್ಮಾ’ ಅಂದಳು. ಆಮೇಲೆ ನಿದ್ದೆ.

ಉತ್ತರಗಳು ಒಂದೊಂದಾಗಿ ಬಂದವು. ಆನ್‌ಲೈನ್ ಇಂಟರ್‌ವ್ಯೂ ಮಾಡಿದವರು ಇಲ್ಲ ಅಂದರು. ಕಾರಣ ಹೇಳಲಿಲ್ಲ. ರೈಲಿನಲ್ಲಿ ಹೋದ ಕಡೆಯಿಂದ ಆಫರ್ ಬಂತು. ಆಫರ್ ಅಂದರೆ ಸೀಟಲ್ಲ, ಎ ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಪರೀಕ್ಷೆಯಲ್ಲಿ, ಮೂರು ಎ ಗ್ರೇಡ್ ಬಂದರೆ ಮಾತ್ರ. ಸಂಜೆ ಕೇಸರಿಬಾತ್ ಮಾಡಿದೆ, ಮಾರನೆ ದಿನದಿಂದ ಮತ್ತೆ ಆರ್ಗಾನಿಕ್ ಕೆಮಿಸ್ಟ್ರಿ. 2025ರ ಆಗಸ್ಟ್ 14ಕ್ಕೆ ರಿಸಲ್ಟ್ ಬಂದು ಸೀಟು ಖಾತ್ರಿಯಾಯಿತು.

ಈಗ ಪರಿಚಯದ ಇನ್ನೊಂದು ಕನ್ನಡದ ಮನೆಯ ಹುಡುಗ ಅರ್ಜಿ ಹಾಕುತ್ತಿದ್ದಾನೆ. ಅವನ ಅಮ್ಮ ಫೋನ್ ಮಾಡಿ ಮಗಳ ನೋಟ್ಸ್ ಇದ್ದರೆ ಕೊಡಿ ಅಂದರು. ಅದರಲ್ಲಿ ಅರ್ಧ ಈಗಾಗಲೇ ಹಳತು. ಯುಕ್ಯಾಟ್‌ನಲ್ಲಿ ಚಿತ್ರಗಳ ಭಾಗವನ್ನು 2025ರಿಂದ ತೆಗೆದುಹಾಕಿದ್ದಾರೆ. ಅರ್ಜಿ ಜೊತೆ ಬರೆಯುತ್ತಿದ್ದ ಉದ್ದ ಪ್ರಬಂಧದ ಬದಲು ಈಗ ಮೂರು ಪ್ರಶ್ನೆ. ನೋಟ್ಸ್ ಬೇಡ, ಹುಡುಗನನ್ನೇ ಭಾನುವಾರ ಕಳಿಸಿ ಅಂದೆ. ಡಾಕ್ಟರಿಗೂ ಫೋನ್ ಮಾಡಿದ್ದೇನೆ. ಬರುತ್ತಾರಂತೆ, ಅವಲಕ್ಕಿಗೆ ಶೇಂಗಾ ಜಾಸ್ತಿ ಹಾಕಬೇಕಂತೆ.